ನಾಲ್ಕು ಅಕ್ಷರ ಬಿಟ್ಟ ಪಟ್ಟಿ

ಫರಹತ ಕೆಲಸಕ್ಕೆ ಸೇರಿದ ದಿನ ಅವಳ ಬಲಗೈಯನ್ನು ಯಾರೂ ಸರಿಯಾಗಿ ನೋಡಲಿಲ್ಲ. ದುಪಟ್ಟಾದ ತುದಿಯನ್ನು ಕೈಗೆ ಸುತ್ತಿಕೊಂಡು ಎಡಗೈಯಲ್ಲೇ ಸಹಿ ಮಾಡಿದ್ದಳು. ಮೂರನೆಯ ದಿನ ಊಟದ ಡಬ್ಬಿ ಬಿಚ್ಚುವಾಗ ಕಂಡಿತು. ಬಲಗೈಯ ನಡುಬೆರಳು, ಅದರ ಬಾಜೂದ ಉಂಗುರ ಬೆರಳು, ಎರಡೂ ಬುಡದವರೆಗೆ ಇರಲಿಲ್ಲ. ಏಳು ವರ್ಷದವಳಿದ್ದಾಗ ಅಪ್ಪನ ಕಬ್ಬಿನಹಾಲಿನ ಗಾಡಿಯ ಗಾಣದಲ್ಲಿ ಹೋದವಂತೆ. "ಕಬ್ಬಿನ ಕೂಡ ನಾನೂ ಸ್ವಲ್ಪ ಒಳಗ ಹೋದೆ ನೋಡ್ರಿ" ಎಂದು ಅವಳೇ ನಕ್ಕು ಹೇಳಿದಳು. ನಗುವ ಧೈರ್ಯ ನಮಗಾರಿಗೂ ಬರಲಿಲ್ಲ.

ಇದು ಎರಡು ಸಾವಿರದ ಎಂಟನೇ ಇಸವಿಯ ಮಾತು. ಬೈರಿದೇವರಕೊಪ್ಪದ ಒಂದು ಟೈರ್ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ನಮ್ಮ ಆಫೀಸು. ಅಮೆರಿಕದ ಡಾಕ್ಟರರು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳುವುದು, ಅದನ್ನು ಇಂಗ್ಲಿಷಿನಲ್ಲಿ ಪತ್ರದ ರೂಪಕ್ಕೆ ಟೈಪ್ ಮಾಡಿ ವಾಪಸು ಕಳಿಸುವುದು. ಇಪ್ಪತ್ತೆರಡು ಜನ ಟೈಪಿಸ್ಟರು. ಒಬ್ಬೊಬ್ಬರೂ ದಿನಕ್ಕೆ ಏಳುನೂರು ಸಾಲು ಹೊಡೆಯಬೇಕು. ಒಂದೇ ವಾರದಲ್ಲಿ ಎರಡು ದಿನ ಏಳುನೂರಕ್ಕಿಂತ ಕೆಳಗೆ ಬಂದರೆ ಅವರು ಮನೆಗೆ ಹೋಗಬೇಕು. ಅದು ಗೋಡೆಯ ಮೇಲೆ ಬರೆದು ಹಚ್ಚಿದ ನಿಯಮ.

ನನ್ನದು ಟೈಪಿಂಗ್ ಅಲ್ಲ, ಸಿಸ್ಟಮ್ ನೋಡಿಕೊಳ್ಳುವ ಕೆಲಸ. ಟೈಪಿಸ್ಟರ ಮುಂದೆ ಇದ್ದದ್ದು ಒಂದು ಪರದೆ, ಒಂದು ಕೀಬೋರ್ಡು, ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಎಲ್ಲರ ಡೆಸ್ಕ್‌ಟಾಪುಗಳೂ ಹಿಂದಿನ ಕೋಣೆಯ ಒಂದೇ ಸರ್ವರಿನಲ್ಲಿ ಇರುತ್ತಿದ್ದವು. ಯಾರು ಯಾವ ಕುರ್ಚಿಯಲ್ಲಿ ಕುಂತು ಹೆಸರು ಹೊಡೆದರೂ ಅವರದೇ ಡೆಸ್ಕ್‌ಟಾಪು ಅಲ್ಲಿ ಎದ್ದು ಬರುತ್ತಿತ್ತು. ಏನಾದರೂ ಬದಲಾಯಿಸುವುದಿದ್ದರೆ ಇಪ್ಪತ್ತೆರಡು ಸಲ ಒಳಗೆ ಹೊಕ್ಕು ಟಿಕ್ ಹಾಕುವ ಬದಲು, ನಾನು ಕಪ್ಪು ಕಿಟಕಿಯೊಂದನ್ನು ತೆರೆದು ಆಜ್ಞೆಗಳನ್ನು ಸಾಲಾಗಿ ಬರೆದು ಒಂದು ಸ್ಕ್ರಿಪ್ಟ್ ಮಾಡಿ ಎಂಟರ್ ಒತ್ತುತ್ತಿದ್ದೆ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಎಲ್ಲರದೂ ಬದಲು. ಟೈಪಿಸ್ಟರು ಆ ಕಿಟಕಿಗೆ ಕರಿ ಪಾಟಿ, ಅಂದರೆ ಕರಿ ಸ್ಲೇಟು, ಅನ್ನುತ್ತಿದ್ದರು. "ಅಕ್ಕಾರು ಇವತ್ತ ಕರಿ ಪಾಟಿ ಮ್ಯಾಲ ಬರ್ಯಾಕತ್ತಾರ, ಏನೋ ಕಾದೈತಿ" ಅಂತ.

ಕಲಿಯುವವರಿಗೆ ಆರು ತಿಂಗಳು ರಿಯಾಯಿತಿ ಇತ್ತು. ಮೊದಲ ಮೂರು ತಿಂಗಳು ಫರಹತ ಮುನ್ನೂರು ಸಾಲು ದಾಟಲಿಲ್ಲ. ಆಮೇಲೆ ಅವಳು ಒಂದು ಉಪಾಯ ಮಾಡಿದಳು. ಡಾಕ್ಟರರ ಮಾತಿನಲ್ಲಿ ಅವೇ ವಾಕ್ಯಗಳು ತಿರುತಿರುಗಿ ಬರುತ್ತವೆ. ಎರಡು ಮೂರು ಅಕ್ಷರ ಒತ್ತಿದರೆ ಇಡೀ ವಾಕ್ಯ ತಾನಾಗಿ ಬಿಚ್ಚಿಕೊಳ್ಳುವ ಒಂದು ಸವಲತ್ತು ನಮ್ಮ ತಂತ್ರಾಂಶದಲ್ಲಿತ್ತು. ಹೆಚ್ಚಿನವರು ನೂರು ನೂರೈವತ್ತು ಸಂಕ್ಷೇಪ ಮಾಡಿಕೊಂಡು ಸುಮ್ಮನಿದ್ದರು. ಫರಹತ ದಿನಾ ಹದಿನೈದು ಕೂಡಿಸುತ್ತ ಹೋದಳು. 'ಜೆಡ್ ಆರ್' ಒತ್ತಿದರೆ 'ರೋಗಿಗೆ ಎದೆನೋವು ಇಲ್ಲ, ಉಸಿರಾಟದ ತೊಂದರೆ ಇಲ್ಲ' ಅನ್ನುವ ಉದ್ದದ ಇಂಗ್ಲಿಷ್ ಸಾಲು. ಸೇರಿ ಎಂಟು ತಿಂಗಳಿಗೆ ಸಾವಿರದ ಒಂಬೈನೂರು ಮೀರಿತ್ತು ಆ ಪಟ್ಟಿ. ಫರಹತ ಎಂಟು ನೂರು ಸಾಲು ಹೊಡೆಯತೊಡಗಿದಳು. ಪಟ್ಟಿ ಇದ್ದರೆ ನೌಕರಿ, ಇಲ್ಲದಿದ್ದರೆ ಇಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಪಟ್ಟಿ ಇದ್ದದ್ದು ಅವಳ ಡೆಸ್ಕ್‌ಟಾಪಿನಲ್ಲಿ.

ಸೆಪ್ಟೆಂಬರಿನಲ್ಲಿ ಅಮೆರಿಕದ ಗಿರಾಕಿಯಿಂದ ಹೊಸ ಕರಾರು ಬಂತು. ರೋಗಿಗಳ ಮಾಹಿತಿ ಯಾರ ಡೆಸ್ಕ್‌ಟಾಪಿನಲ್ಲೂ ಉಳಿಯಕೂಡದು, ಟೈಪಿಸ್ಟರು ಲಾಗಾಫ್ ಆದ ಕೂಡಲೇ ಅವರ ಡೆಸ್ಕ್‌ಟಾಪು ತೊಳೆದ ಪಾಟಿಯ ಹಾಗೆ ಆಗಬೇಕು, ಸೋಮವಾರದಿಂದ ಜಾರಿ. ಬೇಕಾದರೆ ಮ್ಯಾನೇಜರರು ಒಂದೆರಡು ಡೆಸ್ಕ್‌ಟಾಪುಗಳನ್ನು ಮಾತ್ರ ಇದರಿಂದ ಬಿಡಬಹುದು. ನಮ್ಮ ಮ್ಯಾನೇಜರು ಮಾಲತೇಶ. ಗರಗದವರು, ಕೆಟ್ಟ ಮನುಷ್ಯ ಅಲ್ಲ, ಆದರೆ ಎಲ್ಲವನ್ನೂ ಫೋನಿನಲ್ಲೇ, ಅರ್ಧ ವಾಕ್ಯದಲ್ಲೇ ಮುಗಿಸುವವರು.

ಶನಿವಾರ ಫರಹತ ಬೆಳಿಗ್ಗೆ ಎಂಟಕ್ಕೇ ಬಂದಿದ್ದರಿಂದ ನಾಲ್ಕಕ್ಕೆ ಅವಳ ಪಾಳಿ ಮುಗಿಯಿತು. ಲಾಗಾಫ್ ಆಗಿ, ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ಸರ್ ಏನಂದ್ರು? ನಂದ ಒಂದ ಬಿಡತಾರಂತೇನು?"

"ಇನ್ನೂ ಕೇಳಿಲ್ಲ ಫರಹತ. ಈಗ ಫೋನ್ ಹಚ್ಚತೇನಿ. ಹೊರಗ ಕುಂದ್ರು."

ಅವತ್ತು ನನ್ನ ತಲೆ ನನ್ನ ಹತ್ತಿರ ಇರಲಿಲ್ಲ. ಕೆಲಗೇರಿಯ ಮನೆಯಲ್ಲಿ ನನ್ನ ಮಗಳು ವಿದ್ಯಾ ಮೂರು ದಿನದ ಜ್ವರದಲ್ಲಿ ಮಲಗಿದ್ದಳು. ಆರು ವರ್ಷದವಳು. ಎರಡು ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ. ಅತ್ತೆ ಹನುಮವ್ವ ಅವಳ ಹತ್ತಿರ ಇದ್ದರು. ಐದರ ಬಸ್ ಹಿಡಿದು ಬಾ, ಡಾಕ್ಟರು ಆರಕ್ಕೆ ದವಾಖಾನೆ ಮುಚ್ಚುತ್ತಾರೆ ಎಂದು ಎರಡು ಸಲ ಫೋನ್ ಮಾಡಿದ್ದರು. ಸ್ಕ್ರಿಪ್ಟ್ ಬರೆದು ಮುಗಿದಿತ್ತು. ಎಲ್ಲರ ಸೆಟಿಂಗ್ ಬದಲಿಸುವ ಸಾಲುಗಳು ಮೇಲೆ. ಕೆಲಸ ಬಿಟ್ಟವರ ಡೆಸ್ಕ್‌ಟಾಪುಗಳನ್ನು ಪೂರಾ ಅಳಿಸುವ ಸಾಲುಗಳು ಕೆಳಗೆ. ಬುಧವಾರವಷ್ಟೇ ಕೆಲಸ ಬಿಟ್ಟ ಯಮನಪ್ಪನ ಹೆಸರು ಆ ಕೆಳಗಿನ ಪಟ್ಟಿಯಲ್ಲಿತ್ತು. "ಯಮನಪ್ಪಂದು ತೆಗೀರಿ" ಅಂದಿದ್ದರು ಮಾಲತೇಶ. ಅವತ್ತೇ ಅಳಿಸಿದ್ದೆ.

ಫೋನ್ ಹಚ್ಚಿದಾಗ ಅವರು ಬೆಳಗಾವಿ ಬಸ್ಸಿನಲ್ಲಿದ್ದರು. ಗಾಳಿಯ ಸದ್ದೇ ಹೆಚ್ಚು.

"ಸರ್, ಫರಹತಂದು ಏನ ಮಾಡ್ಲಿರಿ?"

"ಯಾರದು?"

"ಫರಹತಂದು, ಡೆಸ್ಕ್‌ಟಾಪು."

"ಹಾಂ, ಆಕೀದು ತೆಗೀರಿ."

"ಏನ್ರಿ ಸರ್?"

"ತೆಗೀರಿ, ತೆಗೀರಿ ಅಂದ್ನೆಲ್ಲ..." ಅಷ್ಟಕ್ಕೇ ಕಟ್ ಆಯಿತು. ಮತ್ತೆ ಹಚ್ಚಿದೆ, ಹತ್ತಲಿಲ್ಲ.

ಹಳೆಯದನ್ನು ತೆಗೆದುಹಾಕಿ, ಸೋಮವಾರ ಹೊಸದು ಕೊಡು ಅನ್ನುತ್ತಿದ್ದಾರೆ ಎಂದು ನಾನು ತಿಳಿದೆ. ಹೊರಗೆ ಬಂದರೆ ಫರಹತ ಬೆಂಚಿನಿಂದ ಎದ್ದು ನಿಂತಳು. ಅವಳ ಮುಖ ನೋಡಿ ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ.

"ಸೋಮವಾರ ಮಾತಾಡೂಣು, ನೀ ಹೋಗು" ಅಂದೆ. ಇದಕ್ಕೆ ಇವತ್ತಿಗೂ ನಾನು ಬ್ಯಾರೆಯವರ ಮೇಲೆ ಹೊರಿಸಲಾರೆ. ಆಗ ಒಂದು ಮಾತು ಖರೇ ಹೇಳಿದ್ದರೆ ಅವಳು ಜಗಳಾದರೂ ಆಡುತ್ತಿದ್ದಳು, ಪಟ್ಟಿಯನ್ನಾದರೂ ಎಲ್ಲೋ ಇಟ್ಟುಕೊಳ್ಳುತ್ತಿದ್ದಳು.

ಅವಳು ಹೋದಳು. ನಾನು ಅವಳ ಹೆಸರನ್ನು ಮೇಲಿನಿಂದ ತೆಗೆದು ಯಮನಪ್ಪನ ಹೆಸರಿದ್ದಲ್ಲಿ ಹಾಕಿ ಎಂಟರ್ ಒತ್ತಿದೆ. ಕಪ್ಪು ಕಿಟಕಿಯಲ್ಲಿ ಇಪ್ಪತ್ತೆರಡು ಸಾಲು ಸರಸರ ಏರಿ ಹೋದವು.

ನಾಲ್ಕೂಕಾಲಿಗೆ ಮಾಲತೇಶ ತಾವೇ ಫೋನ್ ಮಾಡಿದರು. ಬಸ್ಸು ಕಿತ್ತೂರಿನಲ್ಲಿ ಚಹಾಕ್ಕೆ ನಿಂತಿತ್ತು.

"ಮೇಡಂರ, ಅವಾಗ ಲೈನ್ ಕಟ್ಟಾತು. ಫರಹತಂದು ಒಂದು ತೆಗದ ಇರ್ಲಿ. ಉಳದಾವ್ರದು ಬಂದ್ ಮಾಡ್ರಿ. ಆಕೀದು ಪಟ್ಟಿ ಐತಿ ಅದರಾಗ, ಪಾಪ, ಅದ ಹೋದ್ರ ಆಕಿ ಕೆಲಸಾನ ಹೋಗತದ."

ಕಪ್ಪು ಕಿಟಕಿಯಲ್ಲಿ ಅವಳ ಹೆಸರಿದ್ದ ಸಾಲನ್ನು ಮತ್ತೊಮ್ಮೆ ಓದಿದೆ.

"ಕೇಳ್ಸಾಕತ್ತೇತಿಲ್ರಿ?"

"ಕೇಳ್ಸಾಕತ್ತೇತಿ ಸರ್" ಅಂದೆ. "ನಾ ತೆಗದು ಒಗದೇನಿ."

ತೆಗಿ ಅನ್ನುವುದನ್ನು ನಾವು ಬಾಗಿಲಿಗೂ ಅನ್ನುತ್ತೇವೆ, ಕಸಕ್ಕೂ ಅನ್ನುತ್ತೇವೆ. ಅವರು ಬಾಗಿಲು ಎಂದುಕೊಂಡು, ಅವಳದೊಂದು ಮುಚ್ಚದೆ ತೆರೆದಿರಲಿ ಅಂತ ಹೇಳಿದ್ದರು. ನಾನು ಕಸ ಎಂದುಕೊಂಡು ಕೇಳಿದ್ದೆ.

ವಾರಕ್ಕೊಮ್ಮೆ ತೆಗೆದಿಡುವ ನಕಲಿನಲ್ಲಿ ಪತ್ರಗಳಷ್ಟೇ ಇರುತ್ತಿದ್ದವು, ಡೆಸ್ಕ್‌ಟಾಪುಗಳಲ್ಲ. ಅಳಿಸಿದ್ದು ಅಳಿಸಿತ್ತು. ನಾನು ಫರಹತಳಿಗೆ ಫೋನ್ ಮಾಡಿದೆ.

"ಉಣಕಲ್ಲ ದಾಟೇನ್ರಿ ಅಕ್ಕಾರ, ಯಾಕ್ರಿ?"

"ಇಳದು ವಾಪಸ್ ಬಾ. ನಿನ್ನ ಪಟ್ಟಿ ನಾ ಅಳಿಸೇನಿ."

ಅವಳು ಫೋನ್ ಇಟ್ಟಳು. ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಮೇಲೆ ಬಂದಳು. ನನ್ನ ಹತ್ತಿರ ಬರದೆ ನೆಟ್ಟಗೆ ತನ್ನ ಕುರ್ಚಿಗೆ ಹೋಗಿ ಕುಂತು ಹೆಸರು ಹೊಡೆದಳು. ನೀಲಿ ಪರದೆಯ ಹೊಚ್ಚ ಹೊಸ ಡೆಸ್ಕ್‌ಟಾಪು ಬಂತು. ಒಂದು ಖಾಲಿ ಪತ್ರ ತೆರೆದಳು. 'ಜೆಡ್ ಆರ್' ಒತ್ತಿದಳು. ಅದು ಜೆಡ್ ಆರ್ ಆಗಿಯೇ ಉಳಿಯಿತು. ಇನ್ನೊಮ್ಮೆ ಒತ್ತಿದಳು. ಕೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡಳು. ಸೇರಿದ ದಿನ ಮಾಡಿದ್ದಳಲ್ಲ, ಹಾಗೇ.

ನಾನು ಬಾಜೂಕ ಕುಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಾಲತೇಶರು ಏನಂದರು, ನಾನು ಏನು ತಿಳಿದೆ, ಎಲ್ಲ.

ಅವಳು ಪರದೆಯಿಂದ ಕಣ್ಣು ತೆಗೆಯದೆ ಅಂದಳು: "ನಿಮ್ಮ ಕನ್ನಡದಾಗ ಎರಡಕ್ಕೂ ಒಂದ ಮಾತೇನ್ರಿ ಅಕ್ಕಾರ? ನಮ್ಮ ಮನ್ಯಾಗ ಖೋಲೋ ಬ್ಯಾರೆ, ನಿಕಾಲೋ ಬ್ಯಾರೆ. ಬಾಗಲಾ ಖೋಲೋ. ಕಸಾ ನಿಕಾಲೋ. ನಮ್ಮ ಅಬ್ಬಾ ಓದಿಲ್ಲ, ಬರದಿಲ್ಲ, ಅವರಿಗೂ ಇದರಾಗ ಘೋಟಾಳ ಆಗೂದಿಲ್ಲ."



ಆಚೆ ಸಾಲಿನಲ್ಲಿ ಸಿದ್ಧಾರೂಢ ಕಾಕಾ ಕಿವಿಯ ಹೆಡ್‌ಫೋನು ಕಳಚಿ ಮೇಜಿನ ಮೇಲಿಟ್ಟರು. ಅವರು ನಮ್ಮೆಲ್ಲರಿಗಿಂತ ಹಿರಿಯರು. ಕೋರ್ಟಿನ ಮುಂದೆ ಮಶೀನಿಟ್ಟುಕೊಂಡು ಮೂವತ್ತು ವರ್ಷ ಟೈಪ್ ಮಾಡಿದವರು. ಶನಿವಾರ ಅಂತ ಬೇಗ ಹೊರಟಿದ್ದರು. ಮೌಸಿನ ಬಾಣ ಲಾಗಾಫ್ ಮೇಲೆ ನಿಂತಿತ್ತು.

"ಫರಹತ, ಮಗಳ, ಒಂದು ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ" ಅಂದರು. "ನಿನ್ನ ಪಟ್ಟ್ಯಾಗಿನೂ ಸ್ವಲ್ಪ ನನ್ನ ಹಂತೇಕ ಅದಾವ."

"ಸ್ವಲ್ಪ ಅಂದ್ರ ಎಷ್ಟು ಕಾಕಾ?"

"ಆರನೂರಿರಬೇಕು."

ಹಿಂದಿನಿಂದ ನಿರುಪಮಾ ಅಂದಳು: "ನನ್ನ ಕಡೆನೂ ಅದಾವ. ನೀ ನೀರ ಕುಡ್ಯಾಕ ಹೋದಾಗ."

"ನಂದ್ರಾಗೂ" ಅಂದ ನಿಜಾಮುದ್ದೀನ.

ಒಬ್ಬರಾದ ಮೇಲೆ ಒಬ್ಬರು. ಹನ್ನೊಂದು ಜನ. ಅವಳ ಪಟ್ಟಿ ನೋಡಿ ಕೆಲವು ನಕಲು ಮಾಡಿಕೊಂಡು, ಅವು ಕೈಗೆ ಹಗುರವಾಗಿವೆ ಅಂತ ಇನ್ನಷ್ಟು ನಕಲು ಮಾಡಿಕೊಂಡಿದ್ದರು. ತಮ್ಮ ಸ್ವಂತದವುಗಳ ಜೊತೆ ಬೆರೆಸಿ ಇಟ್ಟುಕೊಂಡಿದ್ದರು.

ಫರಹತ ತಿರುಗಿ ಎಲ್ಲರನ್ನೂ ನೋಡಿದಳು. "ಎಷ್ಟು ಮಂದಿ ಕಳ್ಳರ ನಡುವ ಕುಂತಿದ್ನೆಪಾ ನಾ" ಅಂದಳು. ದುಪಟ್ಟಾದಿಂದ ಕೈ ಹೊರಗೆ ಬಂತು.

ಆಗ ನನಗೆ ಹೊಳೆದದ್ದು ಬೇರೆ. ಅರ್ಧ ಗಂಟೆ ಹಿಂದೆ ನಾನು ಓಡಿಸಿದ ಸ್ಕ್ರಿಪ್ಟ್ ಇವರ ಎಲ್ಲರ ಸೆಟಿಂಗನ್ನೂ ಬದಲಿಸಿತ್ತು. ಲಾಗಾಫ್ ಆದ ಗಳಿಗೆಗೆ ಇವರ ಡೆಸ್ಕ್‌ಟಾಪುಗಳೂ ತೊಳೆದು ಹೋಗುತ್ತವೆ, ಪಟ್ಟಿಗಳೂ ಹೋಗುತ್ತವೆ. ಇನ್ನೂ ಇರುವುದು ಇವರು ಎದ್ದಿಲ್ಲ ಅನ್ನುವ ಕಾರಣಕ್ಕೆ ಮಾತ್ರ.

"ಕಾಕಾ, ಮೌಸ್ ಬಿಡ್ರಿ" ಅಂದೆ. "ಯಾರೂ ಲಾಗಾಫ್ ಆಗಬ್ಯಾಡ್ರಿ. ನಾ ಹೇಳೂತನಕ ಯಾರೂ ಏಳಬ್ಯಾಡ್ರಿ."

ಸಿದ್ಧಾರೂಢ ಕಾಕಾ ಬಿಸಿ ಹಂಚು ಮುಟ್ಟಿದವರ ಹಾಗೆ ಕೈ ಹಿಂದೆ ತೆಗೆದುಕೊಂಡರು.

ನಾನು ಸರ್ವರ್ ಕೋಣೆಗೆ ಹೋಗಿ ಹನ್ನೊಂದು ಜನರ ಪಟ್ಟಿಗಳನ್ನೂ ಒಂದು ಕಡೆ ತಂದು ಹಾಕುವ ನಾಲ್ಕು ಸಾಲು ಬರೆದೆ. ಒಟ್ಟು ಎಂಟು ಸಾವಿರದ ಮೇಲೆ ಆದವು. ಒಂದೇ ಸಂಕ್ಷೇಪ ಐದಾರು ಜನರಲ್ಲಿ ಇದ್ದದ್ದನ್ನು ತೆಗೆದರೂ ಮೂರು ಸಾವಿರ ಉಳಿದವು. ಯಾವುದು ಫರಹತಳದು, ಯಾವುದು ಉಳಿದವರದು? ಫರಹತ ನನ್ನ ಹಿಂದೆ ನಿಂತು ನೋಡುತ್ತಿದ್ದಳು.

"ಎಲ್ಲಾ ಇರ್ಲಿ ಬಿಡು, ಮೂರ ಸಾವಿರಾನೂ ನೀನ ಇಟ್ಟುಕೋ" ಅಂದೆ.

"ಆಗೂದಿಲ್ರಿ. ಅವರವು ನನ್ನವಕ್ಕ ಅಡ್ಡ ಬರತಾವ. ನಾ ಒಂದು ಒತ್ತಿದ್ರ ಮತ್ತೊಂದು ಬರತೇತಿ. ಡಾಕ್ಟರ್ ಮೂತ್ರಪಿಂಡ ಅಂದ್ರ ನಾ ಮೊಣಕಾಲ ಬರದ ಕಳಸ್ತೇನಿ." ಪರದೆಯ ಹತ್ತಿರ ಬಗ್ಗಿ ಒಂದೆರಡು ಸಾಲು ಓದಿದಳು. "ಅಕ್ಕಾರ, ನನ್ನವು ಗುರ್ತ ಹಿಡೀಬಹುದ್ರಿ."

"ಹೆಂಗ?"

ಅವಳು ಬಲಗೈಯನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟಳು. ತೋರುಬೆರಳು ಜೆ ಮೇಲೆ, ಕಿರುಬೆರಳು ಅಂಚಿನಲ್ಲಿ. ನಡುವೆ ಖಾಲಿ. "ಇಲ್ಲಿ ಬೆರಳಿಲ್ಲಲ್ರಿ. ಐ, ಕೆ, ಒ, ಎಲ್. ಈ ನಾಕು ಒತ್ತಬೇಕಂದ್ರ ಇಡೀ ಕೈ ಎತ್ತಿ ಇಡಬೇಕು. ಅದಕ ನನ್ನ ಸಂಕ್ಷೇಪದಾಗ ಆ ನಾಕ ಅಕ್ಷರ ನಾ ಹಾಕೇ ಇಲ್ಲ. ಒಂದರಾಗೂ ಇಲ್ಲ."

ನಾನು ಅವಳ ಮುಖ ನೋಡಿದೆ. ಎಂಟು ತಿಂಗಳು ಇವಳ ಜೊತೆ ಊಟ ಮಾಡಿದ್ದೆ. ಇದು ನನಗೆ ಗೊತ್ತಿರಲಿಲ್ಲ. ಆ ಸಂಕ್ಷೇಪಗಳು ಎಲ್ಲರ ಕೈಗೂ ಯಾಕೆ ಹಗುರ ಎನಿಸಿದ್ದವು ಅನ್ನುವುದೂ ಆಗಲೇ ತಿಳಿದದ್ದು. ಕೈ ಅತ್ತಿತ್ತ ಓಡಾಡುವಂತೆಯೇ ಇರಲಿಲ್ಲ ಅವು.

ಕಪ್ಪು ಕಿಟಕಿಯಲ್ಲಿ ಒಂದೇ ಒಂದು ಸಾಲು ಬರೆದೆ: ಸಂಕ್ಷೇಪದಲ್ಲಿ ಈ ನಾಲ್ಕು ಅಕ್ಷರಗಳಲ್ಲಿ ಯಾವುದಾದರೂ ಇದ್ದರೆ ಬಿಟ್ಟುಬಿಡು, ಉಳಿದದ್ದನ್ನು ಬೇರೆ ಫೈಲಿಗೆ ಹಾಕು. ಎಂಟರ್ ಒತ್ತುವ ಮುಂಚೆ ಈ ಸಲ ಎರಡು ಸರ್ತಿ ಓದಿದೆ. ಒತ್ತಿದೆ.

ಮೂರು ಸಾವಿರದಲ್ಲಿ ಸಾವಿರದ ಆರುನೂರು ಚಿಲ್ಲರೆ ಉಳಿದವು.

ಅವಳು ಕುರ್ಚಿ ಎಳೆದುಕೊಂಡು ಕುಂತು ಓದತೊಡಗಿದಳು. ಅಕಸ್ಮಾತ್ತಾಗಿ ಆ ನಾಲ್ಕು ಅಕ್ಷರ ಇಲ್ಲದ, ಬೇರೆಯವರ ಸ್ವಂತದವು ನಡುನಡುವೆ ಇದ್ದವು. ಅವನ್ನು ಒಂದೊಂದಾಗಿ ಹೊಡೆದು ಹಾಕುತ್ತ ಹೋದಳು. "ಇದು ನಂದು. ಇದೂ ನಂದು. ಇದು ನಂದಲ್ಲ." ಒಂದು ಕಡೆ ನಿಂತಳು. 'ಸಿ ಎಚ್ ಬಿ' ಒತ್ತಿದರೆ 'ಚಹಾ ಬೇಕು, ಯಾರರ ಎದ್ದು ಹೋಗ್ರಿ' ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತಿತ್ತು.

"ಕಾಕಾ, ಇದು ಯಾವ ಡಾಕ್ಟರು ಹೇಳಿದ್ದು?" ಎಂದು ಕೂಗಿದಳು.

"ಅದು ಖಾಸಗಿ ಐತಿ" ಎಂದರು ಸಿದ್ಧಾರೂಢ ಕಾಕಾ ಹೊರಗಿನಿಂದ.

"ನೀವು ನನ್ನವು ಆರನೂರು ಒಯ್ದೀರಿ. ಇದೊಂದು ನಾ ಇಟ್ಕೊಂತೇನಿ."

ಅಷ್ಟರಲ್ಲಿ ನಾನು ಸೆಟಿಂಗನ್ನು ತಿದ್ದುತ್ತಿದ್ದೆ. ಡೆಸ್ಕ್‌ಟಾಪು ತೊಳೆಯಲಿ, ಆದರೆ ಪಟ್ಟಿಯ ಫೈಲನ್ನು ಸರ್ವರಿನ ಬೇರೊಂದು ಜಾಗದಲ್ಲಿ ಇಟ್ಟು ಪ್ರತಿ ಸಲ ಲಾಗಿನ್ ಆದಾಗ ತಂದು ಕೊಡಲಿ. ಅದರಲ್ಲಿ ರೋಗಿಗಳ ಹೆಸರು ಇರುವುದಿಲ್ಲವಾದ್ದರಿಂದ ಗಿರಾಕಿಯ ಕರಾರಿಗೆ ಭಂಗ ಇಲ್ಲ. ಇದನ್ನು ನಾನು ಮೊದಲೇ ಯೋಚಿಸಬಹುದಾಗಿತ್ತು. ಯಾರ ಡೆಸ್ಕ್‌ಟಾಪನ್ನೂ ಬಿಡುವ ಪ್ರಶ್ನೆಯೇ ಬರುತ್ತಿರಲಿಲ್ಲ. ಕಾಕಾ ಮೊದಲು ಲಾಗಾಫ್ ಆಗಿ, ಮತ್ತೆ ಒಳಗೆ ಬಂದು ನೋಡಿದರು. "ಅದಾವ, ಅದಾವ" ಅಂದರು. ಆಮೇಲೆ ಉಳಿದವರು ಎದ್ದರು.

ಐದರ ಬಸ್ಸು ಎಂದೋ ಹೋಗಿತ್ತು. ಮನೆಗೆ ಫೋನ್ ಮಾಡಿದೆ. ವಿದ್ಯಾ ಬೆವೆತಿದ್ದಾಳೆ, ಮೈ ತಣ್ಣಗಾಗಿದೆ, ಗಂಜಿ ಕುಡಿದಳು ಎಂದರು ಹನುಮವ್ವ. "ನೀ ಮುಗಿಸಿಕೊಂಡ ಸಾವಕಾಶ ಬಾ. ಬಾಗಲಾ ತೆಗದ ಇಟ್ಟಿರ್ತೇನಿ." "ತೆಗದ?" ಅಂದುಬಿಟ್ಟೆ. "ಯಾಕ, ಏನಾತು?" ಅಂದರು. "ಏನಿಲ್ರಿ ಅತ್ತಿ" ಅಂದೆ.

ಓದಿ ಮುಗಿಸಿದಾಗ ಅವಳ ಸಾವಿರದ ಒಂಬೈನೂರರಲ್ಲಿ ಸಾವಿರದ ಐದುನೂರು ವಾಪಸು ಬಂದಿದ್ದವು. ಬಾರದವು ಹೆಚ್ಚಾಗಿ ಔಷಧಿಗಳ ಹೆಸರು, ಅಪರೂಪದ ಆಪರೇಶನ್‌ಗಳು, ಯಾರಿಗೂ ಬೇಡವಾಗಿದ್ದವು.

"ಕದ್ದವು ಉಳದಾವ, ಕದೀಲಾರದವು ಹೋಗ್ಯಾವ" ಎಂದಳು ಫರಹತ. "ಇನ್ನ ಮ್ಯಾಲೆ ಕದಿಯೂದಿದ್ರ ಪೂರಾ ಕದೀರಪಾ."

ಕೆಳಗಿಳಿಯುವಾಗ ನಾನು ಅವಳಿಗೆ, "ತಪ್ಪಾತು ಫರಹತ" ಅಂದೆ. ಅವಳು ಮೆಟ್ಟಿಲ ಮೇಲೆ ನಿಂತಳು. "ಅಳಿಸಿದ್ದಕ್ಕಲ್ರಿ ಅಕ್ಕಾರ ನಂಗ ಬ್ಯಾಸರ ಆಗಿದ್ದು. ಸೋಮವಾರ ಮಾತಾಡೂಣು ಅಂದ್ರೆಲ್ರಿ, ಅದಕ್ಕ." ಆಮೇಲೆ ಕೇಳಿದಳು: "ಕೂಸಿಗೆ ಹೆಂಗೈತಿ?"

ಸೋಮವಾರ ಸಂಜೆ ಫರಹತಳ ಲೆಕ್ಕ ಆರುನೂರಾ ತೊಂಬತ್ತೊಂದು. ಒಂಬತ್ತು ಸಾಲು ಕಡಿಮೆ. ಔಷಧಿಗಳ ಹೆಸರು ಬಂದಲ್ಲೆಲ್ಲ ಕೈ ಎತ್ತಿ ಎತ್ತಿ ಹೊಡೆಯಬೇಕಾಗಿತ್ತು. ಮಾಲತೇಶ ಹಾಳೆ ನೋಡಿ, ತಪ್ಪು ತಮ್ಮದೂ ಇದೆ ಎಂದು ಒಪ್ಪಿಕೊಂಡರು. ಆದರೆ ಎಣಿಸುವುದು ಗಿರಾಕಿಯ ಮಶೀನು, ಅದನ್ನು ತಿದ್ದಲು ಬರುವುದಿಲ್ಲ. ಆ ವಾರ ಇನ್ನೊಂದು ದಿನ ಹಾಗಾದರೆ ಮುಗಿಯಿತು.

ಮಂಗಳವಾರ ನಾನು ಒಂದು ತಾಸು ಮುಂಚೆ ಬಂದೆ. ಅವಳೂ ಬಂದಳು. ನಾನು ಔಷಧಿಗಳ ಹೆಸರನ್ನು ಗಟ್ಟಿಯಾಗಿ ಓದುವುದು, ಅವಳು ಆ ನಾಲ್ಕು ಅಕ್ಷರ ಬಿಟ್ಟು ಹೊಸ ಸಂಕ್ಷೇಪ ಕಟ್ಟುವುದು. ಊಟದ ಹೊತ್ತಿನಲ್ಲಿ ಕಾಕಾ ಓದಿದರು, ಕೋರ್ಟಿನ ದನಿಯಲ್ಲಿ, ಒಂದೊಂದು ಗುಳಿಗೆಗೂ ಶಿಕ್ಷೆ ವಿಧಿಸಿದ ಹಾಗೆ. ಸಂಜೆ ಏಳುನೂರಾ ಹನ್ನೆರಡು. ಬುಧವಾರ ಏಳುನೂರಾ ಅರವತ್ತು. ಆಮೇಲೆ ನಾವು ನೋಡುವುದನ್ನು ಬಿಟ್ಟೆವು.

ನನ್ನ ಸ್ಕ್ರಿಪ್ಟನ್ನು ಒಡೆದು ಎರಡು ಮಾಡಿದೆ. ಡೆಸ್ಕ್‌ಟಾಪು ತೆರೆಯುವುದರ ಹೆಸರು ಖೋಲೋ, ಅಳಿಸುವುದರ ಹೆಸರು ನಿಕಾಲೋ; ಮಾಲತೇಶರಿಗೂ ಹೇಳಿಟ್ಟೆ. ನಿಕಾಲೋ ಓಡಿಸಿದರೆ ಮೊದಲು ನಕಲು ತೆಗೆದಿಟ್ಟು, ಯಾರದು ಎಂದು ಹೆಸರು ಕೇಳಿ, ಆ ಹೆಸರನ್ನು ಕೈಯಾರೆ ಮತ್ತೊಮ್ಮೆ ಬರೆಸಿಕೊಂಡ ಮೇಲೆಯೇ ಮುಂದೆ ಹೋಗುತ್ತದೆ.

ಮುಂದಿನ ವಾರ ಬೀರವ್ವ ಅಂತ ಹೊಸ ಹುಡುಗಿ ಸೇರಿದಳು. ಮಾಲತೇಶ ಯಾವುದೋ ಬಸ್ಸಿನಿಂದ ಫೋನ್ ಮಾಡಿದರು. ಗಾಳಿಯ ಸದ್ದು.

"ಮೇಡಂರ, ಬೀರವ್ವಂದು ಡೆಸ್ಕ್‌ಟಾಪು ತೆಗ..." ಅಂದು ನಿಂತರು. ಆಮೇಲೆ ಗರಗದ ಆ ಮನುಷ್ಯ ತೊದಲುತ್ತ ಹೇಳಿದರು:

"ಖೋಲೋ ಮಾಡ್ರಿ."